ಎದುರು ಬೆಳಕಿನ ದಡ

(ದಾವಣಗೆರೆಯಲ್ಲಿ ಫೋಟೊ ತೆಗೆಯುವ ಹವ್ಯಾಸದ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳು. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳ ಬದಲಿಗೆ ಇಲ್ಲಿ ನಾಲ್ಕು ಮಾತು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಈ ಚಿತ್ರ ನೋಡಿ. ಹರಿಹರದಲ್ಲಿ ತುಂಗಭದ್ರಾ ಹೊಳೆದಂಡೆಯಲ್ಲಿ ಜನವರಿ ತಿಂಗಳ ಒಂದು ಸಂಜೆ ತೆಗೆದದ್ದು. ಕೆಳಗೆ ತಾಮ್ರದ ಪರಾತದಂಥ ನೀರು, ನಡುವೆ ಎರಡು ಬಂಡೆ, ಮೇಲೆ ಹನ್ನೊಂದು ಬೆಳ್ಳಕ್ಕಿ. ನಾನು ಬೆಳ್ಳಕ್ಕಿ ಅಂದೆ, ನೀವು ನಂಬಿದಿರಿ. ಆದರೆ ಚಿತ್ರದಲ್ಲಿ ಬಿಳುಪು ಎಲ್ಲೂ ಇಲ್ಲ. ಹನ್ನೊಂದೂ ಕಪ್ಪಗಿವೆ. ರೆಕ್ಕೆಯ ಅಂಚಿಗೆ ಮಾತ್ರ ಬತ್ತಿಗೆ ಬೆಂಕಿ ಹತ್ತಿದ ಹಾಗೆ ಒಂದು ಕೆಂಪು ಗೆರೆ. ಇದನ್ನು ಮೊದಲು ನೋಡಿದ ಗೆಳೆಯರೊಬ್ಬರು "ಹಕ್ಕಿ ಚೆನ್ನಾಗಿ ಬಂದಿಲ್ಲ, ಬರೀ ಕಪ್ಪು" ಅಂದರು. ಗರಿ, ಕಣ್ಣು, ಕೊಕ್ಕಿನ ಬಣ್ಣ ಬೇಕೆನ್ನುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ, ನಿಜ. ನನಗೆ ಮಾತ್ರ ಹದಿನಾಲ್ಕು ವರ್ಷ ಈ ಹೊಳೆದಂಡೆಯಲ್ಲಿ ಕೂತದ್ದಕ್ಕೆ ಸಿಕ್ಕ ಕೂಲಿ ಇದು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಹೊಳೆಯ ದಿಕ್ಕಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲಾ ಅಲ್ಲಿಂದಲೇ ಬರುತ್ತದೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುವ ಹೊತ್ತಿಗೆ ಹೊಳೆ ಹೆಚ್ಚುಕಡಿಮೆ ಉತ್ತರಕ್ಕೆ ಮುಖ ಮಾಡಿರುತ್ತದೆ. ಹರಿಹರ ಇರುವುದು ಬಲದಂಡೆಯಲ್ಲಿ, ಅಂದರೆ ಮೂಡಣ ದಡದಲ್ಲಿ. ಆಚೆ ದಡ ರಾಣೇಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಹಾಗಾಗಿ ನಮ್ಮ ದಡದಲ್ಲಿ ನಿಂತವನಿಗೆ ಬೆಳಿಗ್ಗೆ ಸೂರ್ಯ ಬೆನ್ನಿಗೆ, ಸಂಜೆ ಮುಖಕ್ಕೆ. ಹೊತ್ತು ಮುಳುಗುವುದು ಹೊಳೆಯ ಆಚೆಗೆ, ಬೆಳಕು ನೀರಿನ ಮೇಲೆ ಜಾರಿಕೊಂಡು ನೇರ ನಮ್ಮ ಕಾಲಬುಡಕ್ಕೇ ಬರುತ್ತದೆ.

ನಾನು ಸ್ಟುಡಿಯೊ ಇಟ್ಟುಕೊಂಡು ಮದುವೆ, ಗೃಹಪ್ರವೇಶದ ಫೋಟೊ ತೆಗೆದು ಬದುಕಿದವನು. ನಮ್ಮ ಕಸುಬಿನಲ್ಲಿ ಕಲಿಸುವ ಮೊದಲ ಪಾಠ, ಬೆಳಕನ್ನು ಬೆನ್ನಿಗೆ ಹಾಕಿಕೋ ಅನ್ನುವುದು. ಹಕ್ಕಿಗಳ ಹುಚ್ಚು ಹತ್ತಿದ ಮೊದಲ ವರ್ಷಗಳಲ್ಲಿ ಆ ಪಾಠವನ್ನು ಬಿಡದೆ ಪಾಲಿಸಿದೆ. ಸಂಜೆಯಾದರೆ ಬೈಕ್ ಹತ್ತಿ ಸೇತುವೆ ದಾಟಿ ಆಚೆ ದಡಕ್ಕೆ ಹೋಗುತ್ತಿದ್ದೆ. ಅಲ್ಲಿಂದ ಹಕ್ಕಿಯ ಮೇಲೆ ಬೆಳಕು ಬೀಳುತ್ತದೆ, ಎಲ್ಲ ಬಣ್ಣ ಕಾಣುತ್ತದೆ. ಒಳ್ಳೆಯ ಚಿತ್ರಗಳೇ ಬಂದವು. ಆಮೇಲೊಂದು ದಿನ ಹರಿಹರದಲ್ಲಿ ಒಂದು ಆರತಕ್ಷತೆಗೆ ಹೋಗಿದ್ದೆ. ಹುಡುಗಿ ತಯಾರಾಗುವುದು ತಡ ಅಂದರು, ಒಂದು ಗಂಟೆ ಪುರುಸೊತ್ತಿತ್ತು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊಳೆಗೆ ನಡೆದೆ, ದಾಟಿ ಹೋಗಲು ಹೊತ್ತಿರಲಿಲ್ಲ. ಈಚೆ ದಡದಲ್ಲೇ ಕೂತೆ. ನೀರುಕಾಗೆಯೊಂದು ಬಂಡೆಯ ಮೇಲೆ ರೆಕ್ಕೆ ಹರವಿಕೊಂಡು ನಿಂತಿತ್ತು, ಅದರ ಹಿಂದೆ ಸೂರ್ಯ. ಮೀನು ಹಿಡಿಯಲು ಮುಳುಗುವ ಈ ಹಕ್ಕಿಯ ಗರಿ ನೀರು ಹೀರುತ್ತದೆ, ಅದಕ್ಕೇ ಹೀಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಆಚೆ ದಡದಿಂದ ಅದನ್ನು ನೂರು ಸಲ ತೆಗೆದಿದ್ದೆ. ಈಚೆಯಿಂದ ನೋಡಿದಾಗ ಗರಿಗರಿಯ ಸಂದಿನಲ್ಲಿ ಬೆಳಕು ತೂರಿ ಬರುತ್ತಿತ್ತು, ತುದಿಯಿಂದ ನೀರು ತೊಟ್ಟಿಕ್ಕುವುದೂ ಒಂದೊಂದು ಕಿಡಿಯಾಗಿ ಕಾಣುತ್ತಿತ್ತು. ಅವತ್ತಿನಿಂದ ಸಂಜೆ ಹೊತ್ತು ಸೇತುವೆ ದಾಟಿಲ್ಲ.

ಇನ್ನೊಂದು ಸಂಗತಿ ಈ ದಡದಲ್ಲಿ ಕೂತೇ ಕಲಿತದ್ದು. ಸೂರ್ಯ ಪಡುವಣಕ್ಕೆ ಮುಳುಗುತ್ತಾನೆ ಅಂತ ಶಾಲೆಯಲ್ಲಿ ಓದಿದ್ದೇವೆ. ಸರಿಯಾಗಿ ಪಡುವಣಕ್ಕೆ ಮುಳುಗುವುದು ವರ್ಷಕ್ಕೆ ಎರಡೇ ಸಲ, ಮಾರ್ಚಿಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ಅದು ಸುಮಾರು 24 ಡಿಗ್ರಿ ತೆಂಕಕ್ಕೆ ಸರಿದಿರುತ್ತದೆ, ಜೂನ್ ಕೊನೆಗೆ ಅಷ್ಟೇ ಬಡಗಕ್ಕೆ. ಒಂದೇ ಕಲ್ಲಿನ ಮೇಲೆ ಕೂತು ನೋಡಿದರೆ ವರ್ಷದ ಉದ್ದಕ್ಕೂ ಸೂರ್ಯ ಆಚೆ ದಡದ ಗಿಡಮರಗಳ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಾನೆ. ನಾನು ಕೂರುವ ಜಾಗದಿಂದ ಡಿಸೆಂಬರಿನಲ್ಲಿ ಅವನು ಇಳಿಯುವುದು ಹೊಳೆ ತಿರುಗುವ ಕಡೆ, ಅಲ್ಲಿ ನೀರಿನ ಹರವು ದೊಡ್ಡದು. ಮಾರ್ಚಿಗೆ ಆಚೆ ದಡದ ತೋಟದ ಹಿಂದೆ ಹೋಗಿರುತ್ತಾನೆ, ಮರದ ತುದಿಗೆ ತಾಗಿದನೆಂದರೆ ಅವತ್ತಿನ ಆಟ ಹತ್ತು ನಿಮಿಷ ಮೊದಲೇ ಮುಗಿಯಿತು. ಹೊತ್ತು ಮುಳುಗುವ ವೇಳೆಯೂ ಹಾಗೆಯೇ ಬದಲಾಗುತ್ತದೆ. ನವೆಂಬರ್ ಕೊನೆಗೆ ಆರು ಗಂಟೆಗೆ ಸ್ವಲ್ಪ ಮುಂಚೆ, ಜೂನ್ ಕೊನೆಗೆ ಏಳರ ಹತ್ತಿರ. ಹಾಗಾಗಿ ಜಾಗ ಆರಿಸುವಾಗ ತಿಂಗಳು ಯಾವುದು ಅನ್ನುವುದನ್ನು ಮೊದಲು ಕೇಳಿಕೊಳ್ಳಿ.

ಈಗ ಹಕ್ಕಿಗಳ ದಿನಚರಿಗೆ ಬರೋಣ. ನಮ್ಮದು ಭದ್ರಾ ನಾಲೆಯ ಅಚ್ಚುಕಟ್ಟು. ಹರಿಹರ, ದಾವಣಗೆರೆ ಸುತ್ತ ಭತ್ತದ ಗದ್ದೆಗಳು. ಗದ್ದೆ ಉಳುವಾಗ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಸಾಲುಗಟ್ಟಿ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಮಣ್ಣು ಮಗುಚಿದಂತೆ ಮೇಲೆ ಬರುವ ಹುಳ, ಕಪ್ಪೆ ಅವಕ್ಕೆ ಊಟ. ಬಾಗಿದ ಕೊಕ್ಕಿನ ಕೆಂಬರಲುಗಳೂ ಅಲ್ಲೇ, ಬಾಯ್ಕಳಕ ಕೊಕ್ಕರೆಗಳೂ ಅಲ್ಲೇ. ಬಾಯ್ಕಳಕಕ್ಕೆ ಗದ್ದೆಯ ಬಸವನಹುಳು ಬಹಳ ಇಷ್ಟ. ಹಗಲೆಲ್ಲ ಗದ್ದೆಯಲ್ಲಿ ಮೇದು, ಇಳಿಹೊತ್ತಿಗೆ ಇವೆಲ್ಲ ಹೊಳೆಯ ಕಡೆ ತಿರುಗುತ್ತವೆ. ದಂಡೆಯ ದೊಡ್ಡ ಮರಗಳಲ್ಲೋ, ನೀರು ಸುತ್ತುವರಿದ ನಡುಗಡ್ಡೆಯ ಜಾಲಿಯಲ್ಲೋ ರಾತ್ರಿ ಕಳೆಯುತ್ತವೆ. ನೀರು ಸುತ್ತಲೂ ಇದ್ದರೆ ನಾಯಿ, ನರಿ, ಬೆಕ್ಕಿನ ಕಾಟ ಕಡಿಮೆ.

ಅವು ಬರುವ ದಾರಿಯೂ ದಿನಾ ಅದೇ. ಇದು ನನಗೆ ಗೊತ್ತಾಗಲು ನಾಲ್ಕೈದು ವರ್ಷ ಬೇಕಾಯಿತು. ಬೆಳ್ಳಕ್ಕಿಗಳು ಹೊಳೆ ಸಿಕ್ಕಿದ ಕೂಡಲೇ ಕೆಳಗಿಳಿದು, ನೀರಿಗೆ ಒಂದು ಆಳೆತ್ತರದಲ್ಲಿ, ಹೊಳೆಯ ಹರಿವನ್ನೇ ಹಿಡಿದು ಹಾರುತ್ತವೆ. ನೀರುಕಾಗೆಗಳು ಸ್ವಲ್ಪ ಮೇಲೆ, ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ. ಕೆಂಬರಲುಗಳು ಇನ್ನೂ ಮೇಲೆ, ಬಾಣದ ತುದಿಯಂತೆ. ನಡುನಡುವೆ ಕವಲುತೋಕೆಗಳು ನೀರು ಸೋಕಿ ಸೋಕಿ ಸೊಳ್ಳೆ ಹಿಡಿಯುತ್ತಿರುತ್ತವೆ. ಅವು ಚಳಿಗಾಲಕ್ಕೆ ಉತ್ತರದಿಂದ ಬಂದವು.

ಕೊನೆಯ ಬೆಳ್ಳಕ್ಕಿ ಬಂದು ಕೂರುವ ಹೊತ್ತಿಗೆ ಅದೇ ಮರದಿಂದ ಇನ್ನೊಂದು ತಂಡ ಹೊರಗೆ ಹೊರಡುತ್ತದೆ. ಅವು ಇರುಳು ಬಕಗಳು. ಹಗಲೆಲ್ಲ ಎಲೆಯ ಮರೆಯಲ್ಲಿ ಕುತ್ತಿಗೆ ಒಳಗೆಳೆದುಕೊಂಡು ತೂಕಡಿಸಿ, ಕತ್ತಲಾದ ಮೇಲೆ ಮೀನಿಗೆ ಹೊರಡುತ್ತವೆ. ದಾವಣಗೆರೆಯ ಬಟ್ಟೆ ಮಿಲ್ಲುಗಳು ನಡೆಯುತ್ತಿದ್ದ ಕಾಲ ಕಂಡವರು ಇಲ್ಲಿ ಕೆಲವರಾದರೂ ಇದ್ದೀರಿ. ಸೈರನ್ ಕೂಗಿದ ಮೇಲೆ ಗೇಟಿನಲ್ಲಿ ಒಂದು ಪಾಳಿಯವರು ಬರುತ್ತಿದ್ದರು, ಇನ್ನೊಂದು ಪಾಳಿಯವರು ಹೋಗುತ್ತಿದ್ದರು. ನನ್ನ ತಂದೆ ಆ ಪಾಳಿಯಲ್ಲಿ ದುಡಿದವರು. ಹೊಳೆದಂಡೆಯ ಆ ಮರ ನೋಡಿದಾಗೆಲ್ಲ ನನಗೆ ಮಿಲ್ಲಿನ ಗೇಟು ನೆನಪಾಗುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹಕ್ಕಿಯ ಹಿಂದೆ ಹೋಗಿ ಚಿತ್ರ ತೆಗೆಯುವುದನ್ನು ನಾನು ಬಿಟ್ಟದ್ದು ಈ ದಾರಿ ಗೊತ್ತಾದ ಮೇಲೆ. ದಾರಿ ಗೊತ್ತಿದ್ದರೆ ಅದರ ಪಕ್ಕದಲ್ಲಿ ಮೊದಲೇ ಹೋಗಿ ಕೂತರೆ ಸಾಕು. ಸಂಜೆ ಸುಮಾರು ನಾಲ್ಕೂಮುಕ್ಕಾಲಿಗೆ ಹೋಗಿ ಕೂತುಬಿಟ್ಟರೆ, ಐದೂವರೆಗೆ ಹಕ್ಕಿಗಳು ಬರುವ ಹೊತ್ತಿಗೆ ನೀವು ದಂಡೆಯ ಒಂದು ಕಲ್ಲಾಗಿರುತ್ತೀರಿ. ಮೈಮೇಲೆ ಬಿಳಿ ಅಂಗಿ ಬೇಡ, ಹೊಳೆಯುವ ಬಟ್ಟೆ ಬೇಡ. ನಿಲ್ಲಬೇಡಿ, ಕೂರಿ. ನಿಂತ ಮನುಷ್ಯನನ್ನು ಕಂಡರೆ ಬೆಳ್ಳಕ್ಕಿಯ ಸಾಲು ದೂರದಲ್ಲೇ ಬಾಗಿ ಸುತ್ತುಹಾಕಿ ಹೋಗುತ್ತದೆ. ಕೂತವನ ತಲೆಯ ಮೇಲೇ ಹಾದು ಹೋಗುತ್ತದೆ, ರೆಕ್ಕೆಯ ಸದ್ದು ಕೇಳುವಷ್ಟು ಹತ್ತಿರದಿಂದ.

ಈ ಬುದ್ಧಿಯನ್ನು ನನಗೆ ಕಲಿಸಿದವರು ಹೊಳೆಯಲ್ಲಿ ಬಲೆ ಬಿಡುವ ಒಬ್ಬ ಹಿರಿಯರು. ಆ ಕಥೆ ಹೇಳಲೇಬೇಕು.

ಏಪ್ರಿಲ್ ತಿಂಗಳು. ಹೊಳೆ ಬತ್ತಿ ಒಂದು ಕಡೆ ಸರಿದಿತ್ತು, ದಂಡೆಯ ಬೆಣಚುಕಲ್ಲುಗಳ ಹರವು ಬಿಸಿಲಿಗೆ ಕಾದಿತ್ತು. ನಾನು ನಡೆದು ಹೋಗುತ್ತಿರುವಾಗ ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿತು. ಹಳ್ಳಿಯಲ್ಲಿ ತೇನೆಹಕ್ಕಿ ಅನ್ನುತ್ತೇವಲ್ಲ, ಅದೇ. ಮೊಟ್ಟೆ ಹತ್ತಿರದಲ್ಲಿದೆ ಅಂತ ತಿಳಿಯಿತು, ಹುಡುಕಿದೆ. ಗೂಡು ಅಂತ ಏನೂ ಇಲ್ಲ, ನೆಲದಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ. ಬಣ್ಣ ಸುತ್ತಲಿನ ಕಲ್ಲಿನದೇ, ಮೇಲೆ ಕಪ್ಪು ಮಚ್ಚೆ. ಮುಳುಗುವ ಸೂರ್ಯನ ಎದುರಿಗೆ ಮೊಟ್ಟೆಯ ಮೇಲೆ ಕೂತ ತಾಯಿ, ಎಂಥ ಚಿತ್ರ ಆಗುತ್ತದೆ ಅಂದುಕೊಂಡೆ. ಹತ್ತು ಹನ್ನೆರಡು ಮಾರು ದೂರದಲ್ಲಿ ಕ್ಯಾಮೆರಾ ಹಿಡಿದು ಕೂತೆ. ಹಕ್ಕಿ ಬರಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ. ಸುತ್ತುತ್ತದೆ, ಕಿರುಚುತ್ತದೆ, ದೂರದಲ್ಲಿ ಇಳಿಯುತ್ತದೆ, ಎರಡು ಹೆಜ್ಜೆ ಓಡಿ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ನಾನು ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ಕೂತೇ ಇದ್ದೆ.

ಬಲೆ ಬಿಡಿಸುತ್ತಿದ್ದ ಆ ಹಿರಿಯರು ಅಲ್ಲಿಂದಲೇ ಕೂಗಿದರು. "ಸಾರ್, ಎದ್ದು ಬರ್ರಿ ಈ ಕಡೆ. ಮೊಟ್ಟೆ ಕಾದಾವು. ಅದು ಹೊಟ್ಟೆ ತೋಯಿಸ್ಕೊಂಡು ಬಂದು ಕೂರಬೇಕು, ನೀವು ಬಿಡವಲ್ರಿ."

ಎದ್ದು ಹೋದೆ. ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಎರಡು ನಿಮಿಷವೂ ಆಗಿರಲಿಲ್ಲ, ಹಕ್ಕಿ ನೀರಂಚಿಗೆ ಇಳಿಯಿತು. ಕಾಲು ಮಡಚಿ ಎದೆಯನ್ನು ನೀರಿಗೆ ಒತ್ತಿ ಹಿಡಿಯಿತು, ಎದ್ದಿತು, ಮತ್ತೆ ಒತ್ತಿತು. ಆಮೇಲೆ ಕಲ್ಲುಗಳ ಮೇಲೆ ನಡೆದುಕೊಂಡೇ ಹೋಗಿ, ಮೊಟ್ಟೆಯ ಮೇಲೆ ನಿಂತು, ಹೊಟ್ಟೆಯ ಗರಿ ಸಡಿಲಿಸಿ ನಿಧಾನ ಕೂತಿತು. ಆ ಬಿಸಿಲಿನಲ್ಲಿ ಮೊಟ್ಟೆ ಬೇಯದಂತೆ ತಂಪು ಮಾಡಲು ಅದು ಹೊಟ್ಟೆಯಲ್ಲಿ ನೀರು ಹೊತ್ತು ತರುತ್ತದೆ. ಮೊಟ್ಟೆಗೆ ಕಾವು ಕೊಡುವುದು ಗೊತ್ತಿತ್ತು ನನಗೆ, ಕಾವು ಇಳಿಸುವುದೂ ಇದೆ ಅನ್ನುವುದು ಗೊತ್ತಿರಲಿಲ್ಲ. ನಲವತ್ತು ನಿಮಿಷ ಆ ನೀರು ಮೊಟ್ಟೆಗೆ ಸೇರದಂತೆ ನಾನು ಅಡ್ಡ ಕೂತಿದ್ದೆ.

"ನೀವು ಅದರ ಹತ್ರ ಹೋಗಬ್ಯಾಡ್ರಿ. ಸುಮ್ನೆ ಕೂತ್ರೆ ಅವೇ ನಿಮ್ಮ ಹತ್ರ ಬರ್ತಾವೆ" ಅಂದರು ಅವರು, ಬಲೆಯಿಂದ ಕಣ್ಣೆತ್ತದೆ. ನಾಲ್ಕು ದಿನ ಬಿಟ್ಟು ದೂರದಿಂದ ದುರ್ಬೀನು ಹಿಡಿದು ನೋಡಿದೆ. ತಗ್ಗು ಬರಿದಾಗಿತ್ತು. ಮರಿಯಾಗಿ ನಡೆದುಹೋದವೋ, ನನ್ನ ಜಾಡು ಹಿಡಿದು ಕಾಗೆ ಬಂದಿತ್ತೋ, ಇವತ್ತಿಗೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮನುಷ್ಯ ಎಲ್ಲಿ ಬಗ್ಗಿ ನೋಡುತ್ತಾನೋ ಅಲ್ಲಿಗೆ ಕಾಗೆ ಬರುತ್ತದೆ, ಅದನ್ನು ಆಮೇಲೆ ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಮಾತಿಗೆ ಕೊಟ್ಟ ಅರ್ಥ ಓದಿ ನೋಡಿ. ಕೊಲ್ಲುವುದು, ಹಿಡಿಯುವುದು ಮಾತ್ರ ಅಲ್ಲಿಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ಅಡಚಣೆ ಮಾಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ನನ್ನ ಕೈಯಲ್ಲಿ ಕೋವಿ ಇರಲಿಲ್ಲ, ಕ್ಯಾಮೆರಾ ಇತ್ತು ಅಷ್ಟೆ. ಬೇಸಿಗೆಯಲ್ಲಿ ರೀವ ಹಕ್ಕಿಗಳು ಹೊಳೆಯ ಮರಳುದಿಬ್ಬದ ಮೇಲೆ ಹೀಗೇ ಬಯಲಲ್ಲಿ ಮೊಟ್ಟೆ ಇಡುತ್ತವೆ. ಹೊಳೆಯ ಮರಳು ಹೋದಲ್ಲಿ ಅವಕ್ಕೆ ಮೊಟ್ಟೆ ಇಡಲು ನೆಲವೇ ಇಲ್ಲ. ಉಳಿದ ದಿಬ್ಬಕ್ಕೆ ನಾವೂ ಕ್ಯಾಮೆರಾ ಹೊತ್ತು ಹೋದರೆ ಅವು ಎಲ್ಲಿಗೆ ಹೋಗಬೇಕು? ರೀವಗಳ ಬಾಣಂತನ ನೋಡುವ ಆಸೆಯಿದ್ದವರು ಭದ್ರಾ ಜಲಾಶಯದ ಕಡೆ ಹೋಗಬಹುದು. ಲಕ್ಕವಳ್ಳಿಯ ಹಿನ್ನೀರಿನ ನಡುಗಡ್ಡೆಯಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ, ದೋಣಿಯಲ್ಲಿ ಕೂತು ದೂರದಿಂದ ನೋಡುವ ವ್ಯವಸ್ಥೆಯಿದೆ.

ಸರಿ, ಬೆಳಕಿಗೆ ಬರೋಣ. ನಿಮ್ಮಲ್ಲಿ ಹೆಚ್ಚಿನವರು ಕಾಯುತ್ತಿರುವುದು ಇದಕ್ಕೇ.

ಸಂಜೆ ಆಕಾಶ ಯಾಕೆ ಕೆಂಪಾಗುತ್ತದೆ ಅನ್ನುವುದು ಗೊತ್ತಿದ್ದರೆ ಕ್ಯಾಮೆರಾದ ಅರ್ಧ ಕೆಲಸ ತಾನಾಗಿ ತಿಳಿಯುತ್ತದೆ. ನೆತ್ತಿಯ ಮೇಲಿನ ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ದಾಟುವ ಗಾಳಿಗಿಂತ, ಬಾನಂಚಿನ ಸೂರ್ಯನ ಬೆಳಕು ದಾಟುವ ಗಾಳಿ ಸುಮಾರು 38 ಪಟ್ಟು ಹೆಚ್ಚು. ಆ ಉದ್ದದ ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗುತ್ತದೆ, ಕೆಂಪು, ಕಿತ್ತಳೆ ಉಳಿದು ಬರುತ್ತವೆ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳು ಜಾಸ್ತಿ, ಆಗ ಸೂರ್ಯ ಮಂಕಾದ ಕುಂಕುಮದ ಬೊಟ್ಟಾಗುತ್ತಾನೆ. ಮಳೆ ಬಂದು ಗಾಳಿ ತೊಳೆದ ಮಾರನೆಯ ದಿನ ಬಣ್ಣ ಕಮ್ಮಿ, ಹೊಳಪು ಜಾಸ್ತಿ.

ನಾವು ಉಷ್ಣವಲಯದವರು, ನಮ್ಮಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಸೂರ್ಯನ ಕೆಳಗಿನ ಅಂಚು ಬಾನಂಚು ಮುಟ್ಟಿದ ಮೇಲೆ ಪೂರ್ತಿ ಮರೆಯಾಗಲು ಎರಡು ನಿಮಿಷಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಅದಾದ ಮೇಲೆ ಫೋಟೊ ತೆಗೆಯುವಂಥ ಬೆಳಕು ಇರುವುದು ಇಪ್ಪತ್ತು ಚಿಲ್ಲರೆ ನಿಮಿಷ. ತಂಪು ದೇಶದವರು ಬರೆದ ಪಾಠಗಳಲ್ಲಿ ಹೊಂಬೆಳಕು ಒಂದು ಗಂಟೆ ಅಂತ ಇರುತ್ತದೆ. ಅದನ್ನು ನಂಬಿ ಹೋದರೆ ಲೆನ್ಸ್ ಬದಲಾಯಿಸುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಾಗಾಗಿ ಎಲ್ಲ ಹೊಂದಿಸುವುದು ಮೊದಲೇ ಆಗಬೇಕು.

ನಾನು ಹೊಂದಿಸುವ ರೀತಿ ಹೇಳುತ್ತೇನೆ. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕುತ್ತೇನೆ. ಆಟೊದಲ್ಲಿ ಬಿಟ್ಟರೆ ಅದು ಕಂಡದ್ದನ್ನೆಲ್ಲ ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸೂರ್ಯ ಚೌಕಟ್ಟಿನೊಳಗೆ ಬಂದರೆ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ, ಕಪ್ಪು ಮರ ಬಂದರೆ ಆಕಾಶವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಹಕ್ಕಿ ಹಾರುತ್ತಾ ಮರ ದಾಟಿ ಸೂರ್ಯನ ಹತ್ತಿರ ಬರುವಾಗ ಒಂದೊಂದು ಚಿತ್ರಕ್ಕೂ ಒಂದೊಂದು ಲೆಕ್ಕ ಹಾಕುತ್ತಾ ಕೂರುತ್ತದೆ. ಅದರ ಬದಲು ಸೂರ್ಯನ ಪಕ್ಕದ ಆಕಾಶವನ್ನು, ಸೂರ್ಯನನ್ನು ಬಿಟ್ಟು ಪಕ್ಕದ್ದನ್ನು, ಅಳೆದು ಅದಕ್ಕೆ ಹೊಂದಿಸಿ. ಆಕಾಶದ ಬಣ್ಣ ಉಳಿಯುತ್ತದೆ, ಹಕ್ಕಿ ತಾನಾಗಿ ಕಪ್ಪಾಗುತ್ತದೆ. ಐದೈದು ನಿಮಿಷಕ್ಕೊಮ್ಮೆ ಮತ್ತೆ ಅಳೆಯಿರಿ, ಬೆಳಕು ನಿಮಗಾಗಿ ಕಾಯುವುದಿಲ್ಲ.

ಹಾರುವ ಬೆಳ್ಳಕ್ಕಿಗೆ ಶಟರ್ 1/1000 ಸೆಕೆಂಡ್ ಸಾಕು, ಅದರ ರೆಕ್ಕೆ ಬಡಿತ ನಿಧಾನದ್ದು. ಕಪ್ಪು-ಬಿಳಿ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತದೆ, ಅದಕ್ಕೆ 1/2500 ಬೇಕು. ಸೂರ್ಯ ಮುಳುಗಿದ ಮೇಲೆ ಅಷ್ಟು ವೇಗಕ್ಕೆ ಬೆಳಕು ಸಾಲುವುದಿಲ್ಲ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆಯಾದ ಐಎಸ್‌ಒ 3200, 6400ಕ್ಕೆ ಏರಿಸಲು ಹೆದರಬೇಡಿ, ಈಗಿನ ಕ್ಯಾಮೆರಾಗಳು ತಡೆಯುತ್ತವೆ. ಅದೂ ಸಾಲದಾದಾಗ ನಾನು ಉಲ್ಟಾ ಹೋಗುತ್ತೇನೆ. ಶಟರನ್ನು 1/30ಕ್ಕೆ ಇಳಿಸಿ, ಹಾರುವ ಸಾಲಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಒತ್ತುತ್ತೇನೆ. ಹತ್ತರಲ್ಲಿ ಒಂಬತ್ತು ಕಲಸಿಹೋಗುತ್ತವೆ. ಹತ್ತನೆಯದರಲ್ಲಿ ತಲೆ ಸ್ಪಷ್ಟ, ರೆಕ್ಕೆ ಬೀಸಣಿಗೆಯಂತೆ ಹರಡಿ, ಹಿಂದಿನ ಹೊಳೆ ಉದ್ದುದ್ದ ಗೆರೆಯಾಗಿರುತ್ತದೆ.

ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ. ಸಂಜೆಯ ಕೆಂಪನ್ನು ತಪ್ಪು ಅಂತ ತಿಳಿದು ಅದು ತಿದ್ದಿಬಿಡುತ್ತದೆ, ನಾವು ಬಂದದ್ದೇ ಆ ಕೆಂಪಿಗೆ. ನಡುಹಗಲಿನ ಬೆಳಕಿನ ಲೆಕ್ಕಕ್ಕೆ, ಸುಮಾರು 5500 ಕೆಲ್ವಿನ್‌ಗೆ ಹಾಕಿ ಬಿಟ್ಟರೆ ಕಣ್ಣಿಗೆ ಕಂಡ ಬಣ್ಣವೇ ಬರುತ್ತದೆ. ಮೂರು ಕಾಲಿನ ಸ್ಟ್ಯಾಂಡನ್ನು ನಾನು ಒಯ್ಯುವುದಿಲ್ಲ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಅಕ್ಕಿ ತುಂಬಿ ಬಾಯಿ ಹೊಲಿದ ಚೀಲ ಒಂದಿದೆ. ಕಲ್ಲಿನ ಮೇಲೆ ಇಟ್ಟು ಅದರ ಮೇಲೆ ಲೆನ್ಸ್ ಊರಿದರೆ ಅಲುಗುವುದಿಲ್ಲ. ಎತ್ತರವೂ ನೀರಿನ ಮಟ್ಟಕ್ಕೆ ಇಳಿಯುತ್ತದೆ.

ಒಂದು ಎಚ್ಚರಿಕೆ, ಇದನ್ನು ಹುಡುಗರು ಗಮನವಿಟ್ಟು ಕೇಳಬೇಕು. ಕನ್ನಡಿ ಇರುವ ಹಳೆಯ ಕ್ಯಾಮೆರಾಗಳಲ್ಲಿ ದೊಡ್ಡ ಲೆನ್ಸ್ ಹಾಕಿ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ. ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಕಣ್ಣು ಸುಡುತ್ತದೆ. ಪರದೆ ನೋಡಿ ತೆಗೆಯಿರಿ, ಅದೂ ಸೂರ್ಯ ಬರಿಗಣ್ಣಿಗೆ ಮಂಕಾಗಿ ಕೆಂಪಾದ ಮೇಲೆ ಮಾತ್ರ.

ಕಪ್ಪು ಆಕಾರ ಮಾತ್ರ ಉಳಿದ ಮೇಲೆ ಹಕ್ಕಿ ಯಾವುದು ಅಂತ ಹೇಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನಾನು ಹಕ್ಕಿಗಳನ್ನು ಸರಿಯಾಗಿ ನೋಡಲು ಕಲಿತೆ. ಕುತ್ತಿಗೆ ನೋಡಿ. ಬೆಳ್ಳಕ್ಕಿ, ಬಕ ಹಾರುವಾಗ ಕುತ್ತಿಗೆಯನ್ನು ಮಡಚಿ ಎದೆಗೆ ಒತ್ತಿಕೊಳ್ಳುತ್ತವೆ. ಕೊಕ್ಕರೆ, ಕೆಂಬರಲು, ನೀರುಕಾಗೆ ಮುಂದಕ್ಕೆ ಚಾಚುತ್ತವೆ. ಚಾಚಿದ ಕುತ್ತಿಗೆಯ ತುದಿಯಲ್ಲಿ ಕುಡುಗೋಲಿನಂತೆ ಬಾಗಿದ ಕೊಕ್ಕಿದ್ದರೆ ಕೆಂಬರಲು. ಕಾಲು ಹಿಂದಕ್ಕೆ ಉದ್ದ ಚಾಚಿದ್ದರೆ ಕೊಕ್ಕರೆಯ ಜಾತಿ, ಕಾಲೇ ಕಾಣದಿದ್ದರೆ ನೀರುಕಾಗೆ. ಬೀಸಣಿಗೆಯಂಥ ಉದ್ದ ಬಾಲ, ಹಾವಿನಂಥ ಸಣ್ಣ ತಲೆ ಇದ್ದರೆ ಹಾವಕ್ಕಿ.

ಇನ್ನು ಈ ಚಿತ್ರ. ಇದೊಂದನ್ನು ತೋರಿಸಲೆಂದೇ ತಂದೆ. ಬಂಡೆಯ ಮೇಲೆ ನಿಂತ ಬಾಯ್ಕಳಕ. ಕೊಕ್ಕಿನ ನಡುವೆ ನೋಡಿ, ಮುಚ್ಚಿದ ಕೊಕ್ಕಿನಲ್ಲೂ ಒಂದು ಸಂದಿದೆ, ಆ ಸಂದಿನಿಂದ ಹಿಂದಿನ ಕೆಂಪು ಆಕಾಶ ಕಾಣುತ್ತಿದೆ. ಬೆಳೆದ ಹಕ್ಕಿಗೆ ಮಾತ್ರ ಈ ಸಂದು, ಮರಿಗಳ ಕೊಕ್ಕು ನೇರವಾಗಿ ಕೂಡಿಕೊಂಡಿರುತ್ತದೆ. ಹಗಲು ಬೆಳಕಿನಲ್ಲಿ ತೆಗೆದ ನನ್ನ ನೂರಾರು ಚಿತ್ರಗಳಲ್ಲಿ ಈ ಸಂದು ಕೊಕ್ಕಿನ ಬೂದು ಬಣ್ಣದಲ್ಲಿ ಮರೆಯಾಗಿದೆ. ಎದುರು ಬೆಳಕು ಅದನ್ನು ಕತ್ತರಿಸಿ ತೋರಿಸಿತು. ಬಣ್ಣ ಹೋದಾಗ ಹಕ್ಕಿ ಕಡಿಮೆಯಾಗುತ್ತದೆ ಅನ್ನುವವರಿಗೆ ನಾನು ಈ ಒಂದು ಕೊಕ್ಕು ತೋರಿಸುತ್ತೇನೆ.

ನಮ್ಮ ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದರು, ಜೊತೆಗೆ ದೇಶದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. ಅವರಿಗೆ ಹೆಸರು ತಂದದ್ದು ಕಪ್ಪು-ಬಿಳುಪು ಚಿತ್ರಗಳು. ಬಣ್ಣವೇ ಇಲ್ಲದೆ ಬೆಳಕು, ನೆರಳು ಎರಡರಲ್ಲೇ ಕಾಡನ್ನು ತೋರಿಸಿದರು. ಸಿಕ್ಕರೆ ಅವರ ಚಿತ್ರಗಳನ್ನು ಹುಡುಕಿ ನೋಡಿ.

ಬೇರೆ ಜಾಗಗಳ ಬಗ್ಗೆ ಎರಡೇ ಮಾತು. ಕೊಂಡಜ್ಜಿ ಕೆರೆ ಹತ್ತಿರದಲ್ಲೇ ಇದೆ. ಚನ್ನಗಿರಿ ಕಡೆಯವರಿಗೆ ಸೂಳೆಕೆರೆ ಇದೆ, ಚಳಿಗಾಲದಲ್ಲಿ ಬಾತುಗಳಿಗೆ ಅದು ಒಳ್ಳೆಯ ಜಾಗ. ಚಿತ್ರದುರ್ಗದಿಂದ ಬಂದವರು ಹಿರಿಯೂರಿನ ಮಾರಿಕಣಿವೆಗೆ ಹೋಗಿ, 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ. ಗುಡ್ಡಗಳ ನಡುವೆ ನೀರಿರುವುದರಿಂದ ಅಲ್ಲಿ ಸೂರ್ಯ ಬೇಗ ಮರೆಯಾಗುತ್ತಾನೆ, ಲೆಕ್ಕ ಬೇರೆ. ಹೊಳೆಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು ತುಂಬಿ ಬಂಡೆ, ದಿಬ್ಬ ಎಲ್ಲ ಮುಳುಗಿರುತ್ತವೆ. ಡಿಸೆಂಬರಿನಿಂದ ಮಾರ್ಚಿವರೆಗೆ ಒಳ್ಳೆಯ ಕಾಲ.

ಸಭೆಯ ಕೊನೆಗೆ ಕೆಲವರು ಪ್ರಶ್ನೆ ಕೇಳಿದರು, ಅವನ್ನೂ ಇಲ್ಲಿ ಸೇರಿಸುತ್ತೇನೆ.

ಕಾಲೇಜು ಹುಡುಗನೊಬ್ಬ, ದೊಡ್ಡ ಲೆನ್ಸ್ ಇಲ್ಲ, ಮೊಬೈಲ್ ಮಾತ್ರ ಇದೆ, ಆಗುತ್ತಾ ಸಾರ್ ಅಂತ ಕೇಳಿದ. ಆಗುತ್ತದಪ್ಪ. ಎದುರು ಬೆಳಕಿನ ಚಿತ್ರಕ್ಕೆ ಹಕ್ಕಿ ದೊಡ್ಡದಾಗಿ ಬರಬೇಕು ಅಂತ ಇಲ್ಲ. ಪರದೆಯ ಮೇಲೆ ಆಕಾಶವನ್ನು ಬೆರಳಿನಿಂದ ಒತ್ತಿ ಹಿಡಿ, ಪಕ್ಕದಲ್ಲಿ ಬರುವ ಗೆರೆಯನ್ನು ಕೆಳಗೆ ಎಳೆದು ಕತ್ತಲು ಮಾಡು, ಆಮೇಲೆ ಸಾಲು ಬರುವುದನ್ನು ಕಾಯಿ. ಇಡೀ ಹೊಳೆ, ಮೇಲೊಂದು ಸಣ್ಣ ಸಾಲು, ಅದೇ ಒಂದು ಚಿತ್ರ.

ಚಿತ್ರದಲ್ಲಿ ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಏರಿಸುತ್ತೀರಾ ಅಂತ ಒಬ್ಬರು ಕೇಳಿದರು. ಸ್ವಲ್ಪ ತಿದ್ದುತ್ತೇನೆ, ಕಂಡದ್ದಕ್ಕಿಂತ ಮೀರಿ ಹೋಗುವುದಿಲ್ಲ. ಸೂರ್ಯನನ್ನು ಬೇರೆ ದಿನದಿಂದ ತಂದು ಅಂಟಿಸುವವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ, ಆ ದಿನ ಆ ಹಕ್ಕಿ ಆ ಬೆಳಕಿನಲ್ಲಿ ಹಾರಿರಲಿಲ್ಲ.

ಕಲ್ಲು ಎಸೆದು ಎಬ್ಬಿಸಿದರೆ ಎಲ್ಲ ಒಟ್ಟಿಗೆ ಹಾರುತ್ತವಲ್ಲ, ಚಿತ್ರ ಚೆನ್ನಾಗಿರುವುದಿಲ್ಲವೇ ಅಂತ ಇನ್ನೊಬ್ಬರು. ಚೆನ್ನಾಗಿರುತ್ತದೆ, ನಾನು ನೋಡಿದ್ದೇನೆ. ಸಂಜೆ ಮರದಿಂದ ಎಬ್ಬಿಸಿದ ಹಕ್ಕಿ ಕತ್ತಲಲ್ಲಿ ಮತ್ತೆ ಜಾಗ ಹುಡುಕಿಕೊಳ್ಳಬೇಕು. ಕೊಂಬೆಗೆ ಬಡಿದುಕೊಳ್ಳುತ್ತವೆ, ದಿನವೆಲ್ಲ ಮೇದ ಶಕ್ತಿಯನ್ನು ಸುತ್ತು ಹಾಕುವುದರಲ್ಲಿ ಕಳೆಯುತ್ತವೆ. ಎರಡು ಮೂರು ದಿನ ಹೀಗೇ ಆದರೆ ಮರವನ್ನೇ ಬಿಟ್ಟು ಹೋಗುತ್ತವೆ. ಊರಿನ ಹತ್ತಿರದ ಒಂದು ಆಲದ ಮರ ಹೀಗೆ ಖಾಲಿಯಾದದ್ದನ್ನು ಕಂಡೆ, ಮತ್ತೆ ಅಲ್ಲಿಗೆ ಬಂದಿಲ್ಲ ಅವು. ದಯವಿಟ್ಟು ಮಾಡಬೇಡಿ. ಡ್ರೋನೂ ಬೇಡ, ಕೂರುವ ಮರದ ಮೇಲೆ ಫ್ಲ್ಯಾಶೂ ಬೇಡ. ಗೂಡು ಇರುವ ಜಾಗವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಹಾಕಬೇಡಿ.

ಒಬ್ಬ ತಾಯಿ, ಮಗಳಿಗೆ ಆಸೆ ಇದೆ, ಸಂಜೆ ಹೊತ್ತು ಹೊಳೆಗೆ ಕಳಿಸಲು ಹೆದರಿಕೆ ಅಂದರು. ಹೆದರಿಕೆ ಸರಿಯೇ ಅಮ್ಮ. ಒಬ್ಬರೇ ಹೋಗುವುದು ಬೇಡ, ಇದು ಗಂಡುಹುಡುಗರಿಗೂ ಹೇಳುವ ಮಾತು. ಮರಳು ತೆಗೆದ ಗುಂಡಿಗಳು ನೀರಿನಡಿಯಲ್ಲಿ ಕಾಣುವುದಿಲ್ಲ, ಮೊಣಕಾಲುದ್ದದ ನೀರು ಅಂತ ಇಟ್ಟ ಹೆಜ್ಜೆ ಆಳೆತ್ತರಕ್ಕೆ ಹೋಗುತ್ತದೆ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಚಿತ್ರಕ್ಕಾಗಿ ನೀರಿಗೆ ಇಳಿಯಬೇಡಿ.

ಬರುವ ಭಾನುವಾರ ನಾವು ಏಳೆಂಟು ಜನ ಹೋಗುತ್ತಿದ್ದೇವೆ, ಆಸೆ ಇದ್ದವರು ಜೊತೆಗೆ ಬರಬಹುದು. ನಾಲ್ಕೂಕಾಲಿಗೆ ಹರಿಹರದ ಬಸ್ ನಿಲ್ದಾಣದ ಹತ್ತಿರ ಸೇರೋಣ, ನಾಲ್ಕೂಮುಕ್ಕಾಲಿಗೆ ದಂಡೆಯಲ್ಲಿ ಕೂತಿರಬೇಕು. ಟಾರ್ಚ್ ತನ್ನಿ, ವಾಪಸು ಬರುವ ದಾರಿಗೆ. ನೀರಿನ ಬಾಟಲಿ ತನ್ನಿ. ಮಂಡಕ್ಕಿ, ಮೆಣಸಿನಕಾಯಿ ನಾನು ಕಟ್ಟಿಸಿಕೊಂಡು ಬರುತ್ತೇನೆ, ಆದರೆ ಅದು ಇರುಳು ಬಕಗಳು ಹೊರಟುಹೋದ ಮೇಲೆ. ಕಾಗದದ ಸದ್ದಿಗೂ ಅವು ತಲೆ ಎತ್ತುತ್ತವೆ.